ಮಹಾಪ್ರಾಣದ ಲಗ್ನಪತ್ರಿಕೆ

ಆ ದಿನ ತಮ್ಮಣ್ಣನಿಗೆ ಒದಗಿದ ತಾಪತ್ರಯವೆಲ್ಲ ಶುರುವಾದದ್ದು ಎರಡು ಚುಕ್ಕೆಗಳಿಂದ. ಒಂದರ ಮೇಲೊಂದು ಕೂತ ಎರಡು ಸಣ್ಣ ಚುಕ್ಕೆ. ಕೋಲನ್ ಅನ್ನುತ್ತಾರಲ್ಲ, ಅದು. ಮುಂಜಾನೆ ಅಂಗಡಿ ತೆಗೆದು, ಕಸ ಹೊಡೆದು, ಊದಿನಕಡ್ಡಿ ಹಚ್ಚಿ, ಹೊಸ ಲ್ಯಾಪ್‌ಟಾಪಿನ ಮುಂದೆ ಕೂತು ಅವನು ಆ ಚುಕ್ಕೆಗಳನ್ನು ಒತ್ತಿದ. ಪರದೆಯ ಮೇಲೆ ಅವುಗಳ ಬದಲು ಯಾವುದೋ ಸೊಟ್ಟ ಗೀಟು ಬಂತು. ಮತ್ತೆ ಒತ್ತಿದ. ಮತ್ತೊಂದು ಸೊಟ್ಟ ಗೀಟು. ಮುಂಜಾನೆಯೇ ಅವನಿಗೆ ಸಂಜೆಯಷ್ಟು ದಣಿವಾಯಿತು.

ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ತಮ್ಮಣ್ಣನದು ಒಂದು ಗಾಳಾ, ಒಂದೇ ಕೋಣೆಯ ಅಂಗಡಿ. ಊರಿನ ಉಳಿದ ಅಚ್ಚಿನ ಅಂಗಡಿಯವರೆಲ್ಲ ಮರಾಠಿ ಲಗ್ನಪತ್ರಿಕೆ ಛಾಪಿಸುವವರು. ಕನ್ನಡದಲ್ಲಿ ಲಗ್ನಪತ್ರಿಕೆ ಬೇಕೆಂದರೆ ಸುತ್ತಲಿನ ಹಳ್ಳಿಯ ಮಂದಿ ತಮ್ಮಣ್ಣನ ಹತ್ತಿರವೇ ಬರಬೇಕು. ಆ ಮಂದಿಯೂ ಈಗ ಕಡಿಮೆ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆ ಮರಾಠಿಯದು. ಅಕ್ಷರ ಓದುವವರು ಮನೆಗೊಬ್ಬ ಮುದುಕ, ಇಲ್ಲವೆ ಮುದುಕಿ. ಆದರೂ ತಮ್ಮಣ್ಣನಿಗೆ ಒಂದು ಹೆಮ್ಮೆ ಇತ್ತು. ತನ್ನ ಪತ್ರಿಕೆಯಲ್ಲಿ ಒಂದು ಕೊಂಬು, ಒಂದು ದೀರ್ಘ ಆಚೀಚೆ ಆಗಿದೆ ಎಂದು ಇದುವರೆಗೆ ಯಾರೂ ಬೆರಳು ತೋರಿಸಿರಲಿಲ್ಲ. ಪ್ರತಿ ಪತ್ರಿಕೆಯ ಕೆಳಗೆ ಸಣ್ಣದಾಗಿ ‘ಅಕ್ಷರ ಜೋಡಣೆ ತಮ್ಮಣ್ಣ, ಗಡಹಿಂಗ್ಲಜ’ ಎಂದು ಹಾಕಿಕೊಳ್ಳುತ್ತಿದ್ದ. ಅವನು ಬಡಿವಾರ ಮಾಡುತ್ತಿದ್ದದ್ದು ಜೀವನದಲ್ಲಿ ಅದೊಂದೇ ಸಾಲಿನಷ್ಟು.

ಅಷ್ಟು ವರ್ಷ ಅವನು ಕನ್ನಡ ಹೊಡೆಯುತ್ತಿದ್ದದ್ದು ಒಂದು ಹಳೇ ಸಾಫ್ಟ್‌ವೇರಿನಲ್ಲಿ. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಹೊಸ ಮಷಿನ್ನುಗಳಲ್ಲಿ ಅದು ನಡೆಯುವುದಿಲ್ಲ. ಹೊಸ ತರದ ಕನ್ನಡ ಕಲಿತುಕೋ ಎಂದು ಎಲ್ಲರೂ ಹೇಳಿದ್ದರು, ಅವನೂ ಎರಡು ಸಲ ಕೂತಿದ್ದ. ಆದರೆ ಬೆರಳು ತಮ್ಮ ಹಳೇ ಹಾದಿ ಬಿಡಲೊಲ್ಲವು. ಹೋದ ವಾರ ಹಳೇ ಕಂಪ್ಯೂಟರು ಬೆಂದ ವಾಸನೆ ಬಿಟ್ಟು ಸುಮ್ಮನಾದಾಗ, ಕೊಲ್ಲಾಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಅಕ್ಕನ ಮಗ ಅವಿನಾಶ ಬಂದು ಈ ಲ್ಯಾಪ್‌ಟಾಪ್ ಕೊಡಿಸಿ, ಅದರಲ್ಲಿ ಎಮ್ಯುಲೇಟರ್ ಎಂಬುದನ್ನು ಹಾಕಿಕೊಟ್ಟು ಹೋಗಿದ್ದ.

“ಹೊಸಾ ಮಷಿನ್ ಹೊಟ್ಟ್ಯಾಗ ಹಳೇ ಮಷಿನ್ ಕುಂಡ್ರಿಸೇನಿ ಮಾಮಾ. ಒಳಗಿರೋ ಸಾಫ್ಟ್‌ವೇರಿಗೆ ತಾ ಎಲ್ಲಿ ಅದೇನಿ ಅಂತನ ಗೊತ್ತಾಗಂಗಿಲ್ಲ” ಎಂದು ತಿಳಿಸಿ ಹೇಳಿದ್ದ.

ಬುತ್ತಿ ತಂದಿದ್ದ ಹೆಂಡತಿ ಚೆನ್ನವ್ವ ಇದನ್ನು ಕೇಳಿ, ಹಂಗಾರ ಅದು ಬಸುರಿ ಮಷಿನ್ನು, ಭಾರ ಹಾಕಬ್ಯಾಡ್ರಿ ಎಂದು ಹೇಳಿ ಹೋಗಿದ್ದಳು.

ಇಂದು ಭಾರ ಹಾಕಲೇಬೇಕಾಗಿತ್ತು. ನೇಸರಿಯ ಪಾಟೀಲರ ಮನೆಯ ಲಗ್ನ. ವರ ಕೇದಾರ, ಕನ್ಯೆ ಪ್ರಾಜಕ್ತಾ. ಕನ್ಯೆಯ ಕಡೆಯವರು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಬಂದು ನೆಲೆಸಿದ ಆಚೆ ಕರ್ನಾಟಕದ ಮಂದಿ. ಕನ್ನಡ ಚೆನ್ನಾಗಿ ಓದುವವರು. ಪತ್ರಿಕೆ ಕನ್ನಡದಲ್ಲೇ ಆಗಬೇಕು, ಅಚ್ಚುಕಟ್ಟಾಗಿರಬೇಕು, ನಾಳೆಯಿಂದ ಹಂಚುವುದು ಶುರುವಾಗಬೇಕು ಎಂದು ವರನ ಅಜ್ಜಿ ಅಕ್ಕವ್ವನ ಕಟ್ಟಪ್ಪಣೆ. ನೇಸರಿಯಲ್ಲಿ ಅಕ್ಕವ್ವನ ಮಾತೆಂದರೆ ಊರಿಗೆಲ್ಲ ಕೇಳುವಂತೆ ಕೂಗುವ ಕಾರಖಾನೆಯ ಭೋಂಗಾ ಇದ್ದ ಹಾಗೆ. ಕೇಳಿಸಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಎಮ್ಯುಲೇಟರ್ ತೆಗೆದರೆ ಮೊದಲು ಒಂದು ಕರಿ ಪರದೆ ಬರುತ್ತದೆ. ಅಲ್ಲಿ ‘ಡಿ’ ಹೊಡೆದು, ಮುಂದೆ ಆ ಎರಡು ಚುಕ್ಕೆ ಒತ್ತಿದರೇನೇ ಕನ್ನಡ ಸಾಫ್ಟ್‌ವೇರಿನ ಬಾಗಿಲು ತೆರೆಯುವುದು. ಚುಕ್ಕೆ ಬರದಿದ್ದರೆ ಒಳಗೆ ಹೋಗುವ ಮಾತೇ ಇಲ್ಲ. ತಮ್ಮಣ್ಣ ಅವಿನಾಶನಿಗೆ ಫೋನ್ ಹಚ್ಚಿದ. ಅವನು ಕ್ಲಾಸಿನಲ್ಲಿದ್ದ, ಕಿವಿಯಲ್ಲಿ ಮಂತ್ರ ಹೇಳಿದಂತೆ ಪಿಸುಗುಟ್ಟಿದ. ಹೊರಗಿನ ಮಷಿನ್ನು ಒಂದು ದೇಶದ ಕೀಬೋರ್ಡು ಅಂದುಕೊಂಡಿದೆ, ಒಳಗಿನದು ಇನ್ನೊಂದು ದೇಶದ್ದು ಅಂದುಕೊಂಡಿದೆ. ಸದ್ಯಕ್ಕೆ ಆಲ್ಟ್ ಒತ್ತಿ ಹಿಡಿದು, ಬಲಗಡೆಯ ಅಂಕಿಯ ಕೀಗಳಲ್ಲಿ ಐವತ್ತೆಂಟು ಹೊಡೆ, ಚುಕ್ಕೆ ಬರುತ್ತವೆ ಎಂದ. ತಮ್ಮಣ್ಣ ಬಲಗಡೆ ನೋಡಿದ. ಲ್ಯಾಪ್‌ಟಾಪಿಗೆ ಬಲಗಡೆ ಅಂಕಿಗಳೇ ಇರಲಿಲ್ಲ. ಅಲ್ಲಿಗೇ ಮಷಿನ್ನು ಮುಗಿದು ಟೇಬಲ್ಲು ಶುರುವಾಗುತ್ತಿತ್ತು.

ಬಾಜೂ ಅಂಗಡಿಯ ಕಾಕಾಸಾಹೇಬ ಆಗಲೇ ಬಾಗಿಲಲ್ಲಿ ನಿಂತಿದ್ದ. ಅವನದು ವಾಚು ದುರಸ್ತಿಯ ಅಂಗಡಿ. ಈಗ ವಾಚು ಕೆಡುವುದೂ ಕಡಿಮೆ, ಕಟ್ಟಿಕೊಳ್ಳುವವರೂ ಕಡಿಮೆ. ಹಾಗಾಗಿ ಅವನು ಇತರರ ಕೆಲಸ ದುರಸ್ತಿ ಮಾಡುತ್ತ ದಿನ ಕಳೆಯುತ್ತಿದ್ದ. “ಕಾಯ್ ಝಾಲಂ, ತಮ್ಮಣ್ಣಾ?” ಎಂದು, ಏನಾಯಿತೆಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಬಂದು ಕೂತ. ಎಲ್ಲ ಕೇಳಿಕೊಂಡು, ಹಳೇ ಕಂಪ್ಯೂಟರಿನ ಕೀಬೋರ್ಡು ಸತ್ತಿಲ್ಲವಲ್ಲ, ಅದನ್ನೇ ಜೋಡಿಸು ಎಂದು ಸಲಹೆ ಕೊಟ್ಟ. ಕಾಕಾಸಾಹೇಬ ಆವತ್ತು ಕೊಟ್ಟ ಸಲಹೆಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ. ಆಮೇಲಿನ ಹಾನಿಗೆಲ್ಲ ಕಾರಣವಾದದ್ದೂ ಇದೇ.

ಹಳೇ ಕೀಬೋರ್ಡಿನ ವೈರು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆಲ್ಟ್ ಹಿಡಿದು ಐವತ್ತೆಂಟು ಹೊಡೆದದ್ದೇ, ಎರಡು ಚುಕ್ಕೆ ಒಂದರ ಮೇಲೊಂದು ಬಂದು ಕೂತವು. ಕನ್ನಡ ಸಾಫ್ಟ್‌ವೇರ್ ತೆರೆಯಿತು. ಆ ಹಳೇ ನೀಲಿ ಪರದೆ ನೋಡಿ ತಮ್ಮಣ್ಣನಿಗೆ ಊರಿಗೆ ಬಂದಂತಾಯಿತು. ಆದರೆ ಹಳೇ ಕೀಬೋರ್ಡಿನಲ್ಲಿ ನಾಲ್ಕೈದು ಅಕ್ಷರದ ಕೀ ಹಳೇ ಕಂಪ್ಯೂಟರಿನ ಜೊತೆಗೇ ಸತ್ತಿದ್ದವು. ಮತ್ತೆ ಚುಕ್ಕೆ ಬೇಕಾದೀತೆಂದು ಅದನ್ನು ಬಿಚ್ಚದೆ, ಬಾಜೂ ಬೆಂಚಿನ ಮೇಲೆ ಸರಿಸಿಟ್ಟು, ಲ್ಯಾಪ್‌ಟಾಪಿನ ಕೀಗಳ ಮೇಲೆ ಕೈ ಇಟ್ಟ.

ಅಷ್ಟರಲ್ಲಿ ವರನ ಸೋದರಮಾವ ಮಲ್ಲಾರಿ ಬಂದ. ಪತ್ರಿಕೆ ತೆಗೆದುಕೊಂಡೇ ಬಾ, ಬರಿಗೈಲಿ ಬರಬೇಡ ಎಂದು ಅಕ್ಕವ್ವ ಮೊದಲ ಬಸ್ಸಿಗೇ ಅವನನ್ನು ಹೊರಡಿಸಿದ್ದಳು. ಬಸ್ಸಿನಲ್ಲಿ ಇಡೀ ಹಾದಿ ನಿಂತು ಬಂದಿದ್ದವನು ಬೆಂಚು ಕಂಡದ್ದೇ ಕೈಚೀಲ ಧಪ್ಪನೆ ಇಟ್ಟು ಅದರ ಬಾಜೂ ಕೂತ. “ಆಗ್ಲಿ ಬಿಡ್ರಿ ತಮ್ಮಣ್ಣಾರ, ನನಗೇನ ಅವಸರ ಇಲ್ಲ. ಆದ್ರ ಮಧ್ಯಾನ್ನದಾಗ ಆಗಬೇಕು” ಎಂದ.

ತಮ್ಮಣ್ಣ ಹೊಡೆಯತೊಡಗಿದ. ‘ಚಿ. ಕೇದಾರ’ ಎಂದು ಹೊಡೆದು ತಲೆ ಎತ್ತಿದರೆ, ಪರದೆಯ ಮೇಲೆ ‘ಛೀ. ಖೇಧಾರ’ ಎಂದಿತ್ತು.

ಅಳಿಸಿ ಮತ್ತೆ ಹೊಡೆದ. ಛೀ. ಖೇಧಾರ. ಪಾಟೀಲ ಎಂದು ಹೊಡೆದ. ಫಾಠೀಳ ಎಂದು ಬಂತು. ನೇಸರಿ ಹೋಗಿ ಣೇಶರೀ ಆಯಿತು. ಪ್ರಾಜಕ್ತಾ ಎಂಬ ಮೊಗ್ಗಿನಂಥ ಹೆಸರು ಫ್ರಾಝಖ್ಥಾ ಎಂದಾಗಿ, ಬಾಯಲ್ಲಿ ಬಿಸಿ ಭಜಿ ಇಟ್ಟುಕೊಂಡು ಕರೆದಂತೆ ಕೇಳಿಸಿತು. ಇನ್ನು ಗಡಹಿಂಗ್ಲಜ ಹೊಡೆದಾಗ ಬಂದ ಘಢಹೀಂಘ್ಳಝವನ್ನು ಅವನು ಗಟ್ಟಿಯಾಗಿ ಓದಿ ನೋಡಿದ. ಆಂಬೋಲಿ ಘಾಟು ಏರುವ ಬಸ್ಸು ಗೇರು ಬದಲಿಸಿದ ಹಾಗಿತ್ತು. ಅಲ್ಪಪ್ರಾಣವೆಲ್ಲ ಮಹಾಪ್ರಾಣ, ಹ್ರಸ್ವವೆಲ್ಲ ದೀರ್ಘ. ಮಷಿನ್ನು ಅವನು ಹೇಳಿದ್ದನ್ನೇ ಹೇಳುತ್ತಿತ್ತು, ಆದರೆ ಎದೆ ಉಬ್ಬಿಸಿ ಹೇಳುತ್ತಿತ್ತು.

ಇದು ಶಿಫ್ಟ್ ಕೀ ಒತ್ತಿದಾಗ ಬರುವ ಅಕ್ಷರಗಳೆಂದು ತಮ್ಮಣ್ಣನಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ಶಿಫ್ಟ್‌ನ ಹತ್ತಿರವೂ ಅವನ ಬೆರಳು ಹೋಗಿರಲಿಲ್ಲ. ಎರಡೂ ಶಿಫ್ಟ್ ಕೀಗಳನ್ನು ಕುಟ್ಟಿದ, ಉಗುರಿನಿಂದ ಎತ್ತಿ ನೋಡಿದ, ಬಾಯಿಂದ ಊದಿದ. ಕಾಕಾಸಾಹೇಬ ವಾಚಿನ ಬ್ರಶ್ಶು ತಂದು ಕೀಗಳ ಸಂದಿಯೆಲ್ಲ ಉಜ್ಜಿದ. ಲ್ಯಾಪ್‌ಟಾಪನ್ನು ಬೋರಲು ಹಿಡಿದು ತಟ್ಟಿದ ಕೂಡ. ಬಿದ್ದದ್ದು ಚುರುಮುರಿಯ ಒಂದು ಕಾಳು ಮಾತ್ರ. ಅದು ಬಿದ್ದ ಮೇಲೂ ಕೇದಾರ ಖೇಧಾರನಾಗಿಯೇ ಉಳಿದ.

ಅವಿನಾಶನಿಗೆ ಮತ್ತೆ ಫೋನು ಹೋಯಿತು. ಎಮ್ಯುಲೇಟರಿನಲ್ಲಿ ಕೀ ಅಂಟಿಕೊಂಡಂತೆ ಆಗುವುದುಂಟು, ಮುಚ್ಚಿ ತೆಗೆ ಎಂದ ಅವನು. ಮುಚ್ಚಿ ತೆಗೆದರು, ಚುಕ್ಕೆಗಾಗಿ ಹಳೇ ಕೀಬೋರ್ಡಿನಲ್ಲಿ ಮತ್ತೆ ಐವತ್ತೆಂಟು ಹೊಡೆಯಬೇಕಾಯಿತು. ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಮಲ್ಲಾರಿ ಜಾಗ ಬಿಟ್ಟ, ಆಮೇಲೆ ಮೊದಲಿದ್ದಲ್ಲೇ ಇಟ್ಟ. ಅಕ್ಷರಗಳೂ ಮೊದಲಿನ ಹಾಗೇ ಬಂದವು. ಕ್ಯಾಪ್ಸ್ ಲಾಕ್ ನೋಡು ಎಂದ ಅವಿನಾಶ, ನೋಡಿದರು. ಕಂಟ್ರೋಲ್ ಎಫ್ ಒಂದು ಒತ್ತಿದರೆ ಕೀಗಳ ನಕ್ಷೆ ಬರುತ್ತದೆ, ಅಲ್ಲಿ ಶಿಫ್ಟ್ ಸರಿಯಿದೆಯೇ ನೋಡು ಎಂದ; ನಕ್ಷೆಯಲ್ಲಿ ಎಲ್ಲ ಸರಿಯಿತ್ತು. ಕಡೆಗೆ ಅವಿನಾಶ, ಪರದೆಯಲ್ಲಷ್ಟೇ ಹಾಗೆ ಕಾಣುತ್ತದೆಯೋ, ಕಾಗದದ ಮೇಲೂ ಹಾಗೇ ಬರುತ್ತದೆಯೋ, ಒಂದು ಪ್ರಿಂಟ್ ತೆಗೆದು ನೋಡು ಮಾಮಾ ಎಂದು ಹೇಳಿ ಕ್ಲಾಸಿಗೆ ಮರಳಿದ.

ತಮ್ಮಣ್ಣ ಪತ್ರಿಕೆಯನ್ನು ಪೂರ್ತಿ ಹೊಡೆದು, ಒಳ್ಳೆಯ ಕಾರ್ಡಿನ ಮೇಲೆಯೇ ಒಂದು ಪ್ರಿಂಟು ತೆಗೆದ. ಕಾಗದದ ಮೇಲೂ ಹಾಗೇ ಬಂತು. ಸುತ್ತ ಬಂಗಾರ ಬಣ್ಣದ ಬಳ್ಳಿ, ಮೇಲೆ ಬಿಲ್ವಪತ್ರೆ, ನಡುವೆ ದಪ್ಪ ಅಕ್ಷರದಲ್ಲಿ ಛೀ. ಅದರ ಕೆಳಗೆ ಮಧೂವೇ. ಎಲ್ಲಕ್ಕೂ ಕೆಳಗೆ, ಸಣ್ಣದಾಗಿ, ಥಮ್ಮಣ್ಣ. ಅದನ್ನು ನೋಡಲಾರದೆ ಬೋರಲು ಹಾಕಿ, ಮುಖ ತೊಳೆಯಲು ಹಿತ್ತಲ ನಳಕ್ಕೆ ಹೋದ.

ಅವನು ಬರುವುದರೊಳಗೆ ಮಲ್ಲಾರಿ ತನ್ನ ಪಾಲಿನ ಕೆಲಸ ಮಾಡಿಮುಗಿಸಿದ್ದ. ಮೊದಲ ಪತ್ರಿಕೆ ದೇವರ ಜಗಲಿಗೆ ಏರಬೇಕು, ಆದದ್ದೇ ಕಳಿಸು ಎಂದು ಅಕ್ಕವ್ವ ಹೇಳಿದ್ದಳಂತೆ. ಎದುರಿಗೆ ನೇಸರಿಯ ಬಸ್ಸು ಹೊರಟು ನಿಂತಿತ್ತು, ಕಂಡಕ್ಟರು ಪರಿಚಯದವನು. ಮಲ್ಲಾರಿ ಮರಾಠಿ ಶಾಲೆಯವನು. ಕನ್ನಡ ಅಕ್ಷರ ಅವನಿಗೆ ಅಂಗಳದ ರಂಗೋಲಿ ಇದ್ದ ಹಾಗೆ, ಚಂದ ಕಾಣುತ್ತವೆ ಅಷ್ಟೇ.

“ಭಾಳ ಚಲೋ ಆಗೇತಿ ಬಿಡ್ರಿ. ಬಸ್ಸಿಗೆ ಕೊಟ್ಟು ಕಳಿಸಿದೆ” ಎಂದ.

ತಮ್ಮಣ್ಣ ಬಾಗಿಲಿಗೆ ಹೋಗಿ ನೋಡಿದ. ಬಸ್ಸು ಹೋದ ಹಾದಿಯಲ್ಲಿ ಧೂಳು ಕೂಡ ಉಳಿದಿರಲಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಮಲ್ಲಾರಿಗೆ ವಿವರಿಸಿದ. ವರನ ಹೆಸರಿನ ಹಿಂದೆ ಛೀ ಎಂದು ಇದೆ ಎಂಬುದು ತಲೆಗೆ ಹೋಗಲು ಮಲ್ಲಾರಿಗೆ ತುಸು ಹೊತ್ತು ಹಿಡಿಯಿತು. ಹೋದ ಮೇಲೆ, ಅವನು ತನ್ನ ಮೊಬೈಲನ್ನು ಜೇಬಿನಿಂದ ತೆಗೆದು ಬಂದ್ ಮಾಡಿ ಮತ್ತೆ ಜೇಬಿಗಿಟ್ಟ. “ನಾ ಇಲ್ಲಿಲ್ಲ ಅಂತ ತಿಳ್ಕೋರಿ” ಎಂದ.

ಈಗ ಉಳಿದದ್ದು ಒಂದೇ ಹಾದಿ. ಅಕ್ಕವ್ವನ ಸಿಟ್ಟು ಬಸ್ಸು ಹತ್ತಿ ಬರುವುದರೊಳಗೆ ಸರಿಯಾದ ಪತ್ರಿಕೆ ತಯಾರಿರಬೇಕು. ತಮ್ಮಣ್ಣ ಪ್ರತಿ ಅಕ್ಷರ ಹೊಡೆಯುವುದು, ಅದು ಉಬ್ಬಿಕೊಂಡು ಬರುವುದು, ಅಳಿಸುವುದು, ಹೀಗೆ ಮಾಡುತ್ತ ಕೂತ. ಕಾಕಾಸಾಹೇಬ, ಮಷಿನ್ನು ಗುರುವಾರ ಕೊಂಡಿದ್ದೋ ಶುಕ್ರವಾರ ಕೊಂಡಿದ್ದೋ ಎಂದು ವಿಚಾರಿಸಿದ. ನಿಂಬೆಹಣ್ಣು ಇಳಿಸಿ ನೋಡೋಣವೇ ಎಂದೂ ಕೇಳಿದ. ತಮ್ಮಣ್ಣ ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಲ್ಯಾಪ್‌ಟಾಪಿನ ಸುತ್ತ ನಿಂಬೆಹಣ್ಣು ತಿರುಗಿತು. ಅದನ್ನು ಹಿಂಡಿ ಮೂವರೂ ಶರಬತ್ತು ಕುಡಿದರು.

ಮಧ್ಯಾಹ್ನ ಮಲ್ಲಾರಿಗೆ ಹಸಿವಾಯಿತು. ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬಂದಿದ್ದ. ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಭಕ್ರಿ, ಝುಣಕಾ ತೆಗೆದು ಉಣ್ಣತೊಡಗಿದ. ಆಗ ತಮ್ಮಣ್ಣ ಹೊಡೆದ ಕೇದಾರ, ಕೇದಾರನಾಗಿಯೇ ಬಂದ.

ತಮ್ಮಣ್ಣ ಉಸಿರು ಬಿಗಿಹಿಡಿದು ಪಾಟೀಲ ಹೊಡೆದ. ಪಾಟೀಲ. ನೇಸರಿ ಹೊಡೆದ. ನೇಸರಿ. ಕಣ್ಣಂಚಿನಲ್ಲಿ ನೀರು ಬಂತು. ಎರಡು ಸಾಲು ಮುಂದೆ ಹೋಗುವುದರಲ್ಲಿ ಮಲ್ಲಾರಿ ಊಟ ಮುಗಿಸಿ, ಚೀಲ ಕೆಳಗಿಟ್ಟು, ಕೈ ತೊಳೆಯಲು ಎದ್ದ. ಊಟ ಎಂಬುದು ಊಠ ಎಂದಾಯಿತು.

ಕಾಕಾಸಾಹೇಬನ ಕಣ್ಣು ಹೊಳೆದವು. ಈ ಮನುಷ್ಯ ಉಣ್ಣುವಾಗ ಮಷಿನ್ನು ನೆಟ್ಟಗಿರುತ್ತದೆ, ನಿಲ್ಲಿಸಿದರೆ ಕೆಡುತ್ತದೆ ಎಂದ. ತಮ್ಮಣ್ಣನಿಗೂ ಆ ಹೊತ್ತಿಗೆ ಅದು ಸಾಧ್ಯ ಎನಿಸಿತು. ಇನ್ನೊಂದಿಷ್ಟು ಉಣ್ಣಿರಿ ಎಂದು ಮಲ್ಲಾರಿಯನ್ನು ಕೈಮುಗಿದು ಕೇಳಿಕೊಂಡ. ಮಲ್ಲಾರಿ ತನ್ನಿಂದಾದ ಹಾನಿಯನ್ನು ತುಂಬಿಕೊಡುವ ಮನಸ್ಸಿನಿಂದ ಮತ್ತೆ ಚೀಲ ಎತ್ತಿಕೊಂಡು ಇನ್ನೊಂದು ಭಕ್ರಿ ಮುರಿದ. ಅಕ್ಷರ ಸರಿಯಾದವು. ಚೀಲದಲ್ಲಿನ ಭಕ್ರಿ ಮುಗಿದ ಮೇಲೆ ಕಾಕಾಸಾಹೇಬ ಹೋಗಿ ವಡಾಪಾವ್ ತಂದ. ಅದನ್ನು ಕಾಗದದಲ್ಲಿ ಹಾಗೇ ಕೈಗೆ ಕೊಟ್ಟದ್ದರಿಂದ ಮಲ್ಲಾರಿ ಚೀಲ ಕೆಳಗಿಟ್ಟು ತಿನ್ನತೊಡಗಿದ. ಬಂಧು ಹೋಗಿ ಭಂಧೂ ಆಯಿತು.

ಅಂದರೆ ಮಷಿನ್ನಿಗೆ ಬೇಕಾದದ್ದು ಮಲ್ಲಾರಿಯ ಊಟವಲ್ಲ. ತಮ್ಮಣ್ಣ ಮೆಲ್ಲಗೆ ಎದ್ದು, ಬೆಂಚಿನ ಹತ್ತಿರ ಹೋಗಿ, ಚೀಲ ಎತ್ತಿದ. ಅದರಡಿ ಹಳೇ ಕೀಬೋರ್ಡು ಸುಮ್ಮನೆ ಮಲಗಿತ್ತು. ಚೀಲದೊಳಗೆ, ದಾರಿಯಲ್ಲಿ ಗುಡಿಗೆ ಕೊಡಲೆಂದು ಅಕ್ಕವ್ವ ಹಾಕಿಕೊಟ್ಟ, ಮಲ್ಲಾರಿ ಕೊಡಲು ಮರೆತ ಒಂದು ತೆಂಗಿನಕಾಯಿ. ಮುಂಜಾನೆಯಿಂದ ಆ ಕಾಯಿ ಹಳೇ ಕೀಬೋರ್ಡಿನ ಎಡಗಡೆಯ ಶಿಫ್ಟ್ ಕೀ ಮೇಲೆ ಕೂತು, ತಮ್ಮಣ್ಣ ಇಲ್ಲಿ ಹೊಡೆದ ಪ್ರತಿ ಅಕ್ಷರಕ್ಕೂ ಅಲ್ಲಿಂದ ಪ್ರಾಣ ತುಂಬುತ್ತಿತ್ತು.

ತಮ್ಮಣ್ಣ ಹಳೇ ಕೀಬೋರ್ಡಿನ ವೈರು ಕಿತ್ತು ಮೂಲೆಗೆ ಇಟ್ಟ. ಕೂತ. ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಕೊಂಬೂ ತಪ್ಪದ ಹಾಗೆ ಹೊಡೆದ. ಓದಿ ನೋಡಿದ. ತೃಪ್ತಿಯಾಯಿತು. ಬೆರಳು ತಮ್ಮಷ್ಟಕ್ಕೆ ತಾವೇ ಹೋಗಿ ಕಂಟ್ರೋಲ್ ಮತ್ತು ಎಫ್ ಒಂಬತ್ತು ಒತ್ತಿದವು. ಹಳೇ ಸಾಫ್ಟ್‌ವೇರಿನಲ್ಲಿ ಹೊಡೆದದ್ದನ್ನು ಕಾಪಿಟ್ಟುಕೊಳ್ಳುವ ಕೀ ಅದು.

ಪರದೆ ಮಾಯವಾಯಿತು. ನೀಲಿಯೂ ಇಲ್ಲ, ಪತ್ರಿಕೆಯೂ ಇಲ್ಲ.

ಅವಿನಾಶ ಈ ಸಲ ಚಹಾಕ್ಕೆ ಹೊರಗೆ ಬಂದಿದ್ದರಿಂದ ದೊಡ್ಡ ದನಿಯಲ್ಲೇ ಮಾತಾಡಿದ. “ಮಾಮಾ, ಹೊಟ್ಟ್ಯಾಗಿನ ಸಾಫ್ಟ್‌ವೇರಿಗೆ ಅದು ಸೇವ್. ಎಮ್ಯುಲೇಟರಿಗೆ ಅದು ಬಂದ್ ಆಗೋ ಕೀ. ಹೊರಗಿನಂವ ಮೊದಲ ಕೇಳಿಸ್ಕೊತಾನ” ಎಂದ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ತಮ್ಮಣ್ಣ ಕೇಳಲಿಲ್ಲ. ಮೆನುವಿನಿಂದ ಸೇವ್ ಮಾಡಬೇಕು ಎಂಬುದನ್ನಷ್ಟೇ ಎರಡು ಸಲ ಹೇಳಿಸಿಕೊಂಡ. ಚುಕ್ಕೆಗಾಗಿ ಹಳೇ ಕೀಬೋರ್ಡು ಸಿಕ್ಕಿಸಿದ, ಚುಕ್ಕೆ ಬಂದದ್ದೇ ಕಿತ್ತ. ಮತ್ತೆ ಮೊದಲಿನಿಂದ ಹೊಡೆದ. ಬೆನ್ನು ಸೆಟೆದು ಹಲಗೆಯಾಗಿತ್ತು. ಕಣ್ಣು ಉರಿಯುತ್ತಿದ್ದವು. ಕಾರ್ಡುಗಳನ್ನು ಒಂದೊಂದಾಗಿ ಪ್ರಿಂಟರಿನ ಬಾಯಿಗೆ ಕೊಡುತ್ತ, ಬಂದದ್ದನ್ನು ಕಾಕಾಸಾಹೇಬ ಜೋಡಿಸುತ್ತ, ಮಲ್ಲಾರಿ ಯಾವುದನ್ನೂ ಮುಟ್ಟದೆ ದೂರ ಕೂತು, ಹೀಗೆ ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಪತ್ರಿಕೆಗಳ ಪ್ರಿಂಟೂ ಮುಗಿಯಿತು. ಕಟ್ಟುಗಳಿಗೆ ಅರಿಷಿಣ ಕುಂಕುಮ ಹಚ್ಚಿ ಟೇಬಲ್ಲಿನ ಮೇಲೆ ಇಟ್ಟರು. ದಿನವೆಲ್ಲ ಬೈಸಿಕೊಂಡ ಲ್ಯಾಪ್‌ಟಾಪೂ ಆಗ ಸಾಧುವಾಗಿ ಕಾಣಿಸಿತು.

ನೇಸರಿಯಿಂದ ಬಂದ ಬಸ್ಸಿನಿಂದ ಅಕ್ಕವ್ವ ಇಳಿದಳು.

ಮಲ್ಲಾರಿ ಪ್ರಿಂಟರಿನ ಹಿಂದೆ ಸರಿದ. ಅಕ್ಕವ್ವ ರಸ್ತೆ ದಾಟಿ, ಹೊಸ್ತಿಲ ಮೇಲೆ ಚಪ್ಪಲಿ ಬಿಟ್ಟು, ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. ಕೈಯಲ್ಲಿ ಹಸಿರು ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು. ತಮ್ಮಣ್ಣ ನೀರು ಕೊಟ್ಟ. ಅವಳು ಕುಡಿಯುವವರೆಗೂ ಕಾಯದೆ ತಪ್ಪೊಪ್ಪಿಕೊಳ್ಳತೊಡಗಿದ. ಮುಂಜಾನೆ ಬಂದದ್ದು ಪತ್ರಿಕೆಯೇ ಅಲ್ಲ, ಮಷಿನ್ನಿನ ದೋಷ, ಅದನ್ನು ನೋಡಲೇಬಾರದಿತ್ತು, ಇವು ನೋಡಿರಿ ಖರೇ ಪತ್ರಿಕೆ, ಒಂದಕ್ಷರ ತಪ್ಪಿದ್ದರೆ ನನ್ನ ಕೈ ಕಡಿಯಿರಿ ಎಂದು ಒಂದು ಕಾರ್ಡು ಅವಳ ಮುಂದೆ ಹಿಡಿದ.

ಅಕ್ಕವ್ವ ಕಾರ್ಡನ್ನು ಕಣ್ಣಿನ ಹತ್ತಿರ, ಮತ್ತೆ ದೂರ ಹಿಡಿದು ಓದಿದಳು.

“ಇದ್ಯಾರ್ದೋ ತಮ್ಮಣ್ಣಾ?” ಎಂದಳು.

“ನಿಮ್ಮದ ರೀ ಅವ್ವಾರ. ಕೇದಾರಂದು.”

“ಕೇದಾರ ಅಲ್ಲ. ಖೇಧಾರ.” ಅಕ್ಕವ್ವ ಅದನ್ನು ಹೊಟ್ಟೆಯಿಂದ ಉಸಿರು ತೆಗೆದು ಹೇಳಿದಳು. ಆಮೇಲೆ ಕಾರ್ಡು ಕೆಳಗಿಟ್ಟು ನಡೆದದ್ದನ್ನು ಹೇಳಿದಳು.

ಲಗ್ನ ಗೊತ್ತಾದಾಗಿನಿಂದ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತಂತೆ. ಹುಡುಗ ಹುಡುಗಿ ಒಪ್ಪಿದ್ದರು, ಎರಡೂ ಮನೆಯವರು ಒಪ್ಪಿದ್ದರು, ಆದರೆ ಹೆಸರುಬಲ ಕೂಡಿ ಬಂದಿರಲಿಲ್ಲ. ಹೆಸರಿನ ಮೊದಲಕ್ಷರ ಕೇ ಎಂದರೆ ಪುನರ್ವಸು ನಕ್ಷತ್ರ. ಮಠದ ಅಯ್ಯನವರು ಎಷ್ಟು ಸಲ ಲೆಕ್ಕ ಹಾಕಿದರೂ ಕನ್ಯೆಯ ಹೆಸರಿನೊಡನೆ ಅದು ಹೊಂದಲಿಲ್ಲ. ಇದನ್ನು ಅಕ್ಕವ್ವ ಮನೆಯಲ್ಲಿ ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡು ನಿದ್ದೆಗೆಟ್ಟಿದ್ದಳು. ಇಂದು ಮೊದಲ ಪತ್ರಿಕೆ ಬಂದಾಗ ಜಗಲಿಯ ಮುಂದೆ ಅಯ್ಯನವರೇ ಅದನ್ನು ಓದಿದರು. ಖೇ ಎಂದು ಓದಿ ನಿಂತರು. ಪಂಚಾಂಗ ತರಿಸಿದರು. ಖೇ ಎಂದರೆ ಶ್ರವಣ ನಕ್ಷತ್ರ. ಆ ಕಡೆ ಕನ್ಯೆಯೂ ಪ್ರಾ ಹೋಗಿ ಫ್ರಾ ಆಗಿದ್ದಾಳೆ. ಎರಡೂ ಹೊಸ ಹೆಸರು ಕೂಡಿಸಿ ನೋಡಿದರೆ, ಅಂಥ ಕೂಟವನ್ನು ತಾವು ಈಚೆಗೆ ನೋಡಿಯೇ ಇಲ್ಲ ಎಂದರಂತೆ.

“ನೀ ಶಾಣ್ಯಾ ಅದಿ ತಮ್ಮಣ್ಣಾ” ಎಂದಳು ಅಕ್ಕವ್ವ. “ಯಾರಿಗೂ ಗೊತ್ತಾಗದಂಗ ದೋಷಾ ತಗದಿ.”

ತಮ್ಮಣ್ಣ ಬೆಂಚಿನ ಮೇಲೆ ಕೂತ. ಸರಿ, ಹೆಸರೆರಡನ್ನು ಮಾತ್ರ ಹಾಗೆ ಮಾಡಿಕೊಡುತ್ತೇನೆ, ಉಳಿದದ್ದು ಸರಿಯಾಗಿಯೇ ಇರಲಿ ಎಂದು ಕೇಳಿಕೊಂಡ. ಅಕ್ಕವ್ವ ಹಸಿರು ಬಟ್ಟೆ ಬಿಚ್ಚಿದಳು. ಒಳಗೆ ಮುಂಜಾನೆಯ ಕಾರ್ಡು. ಅದರ ಮೇಲೆ ಅಯ್ಯನವರ ಮೂರು ಬೆರಳಿನ ವಿಭೂತಿ. ಪೂಜೆಯಾದ ಕಾಗದ ಇದು, ಇದರಲ್ಲಿ ಇದ್ದದ್ದು ಇದ್ದ ಹಾಗೆ ಬರಬೇಕು, ಒಂದಕ್ಷರ ಆಚೀಚೆ ಆದರೆ ಕೂಟ ಮುರಿಯುತ್ತದೆ ಎಂದಳು.

“ಛೀ ಅಂತ ಐತಲ್ರಿ ಅವ್ವಾರ, ಅದನ್ನರ ಬಿಡಲೇನ್ರಿ?” ಎಂದ ತಮ್ಮಣ್ಣ.

“ಅದ ಮೊದಲ ಇರಬೇಕು. ದೃಷ್ಟಿ ತಗೀತದ ಅಂದ್ರು ಅಯ್ಯಾರು.”

ಇಚಲಕರಂಜಿಯ ಬೀಗರು ಓದಿದರೆ ಏನು ತಿಳಿದುಕೊಂಡಾರು ಎಂದು ಕೇಳಿದ. ಅವರಿಗೂ ಫೋನು ಮಾಡಿಸಿ ಹೇಳಿದ್ದೇನೆ, ಹೆಸರುಬಲ ಕೂಡಿದ್ದಕ್ಕೆ ಅವರ ಮನೆಯಲ್ಲಿ ಸಕ್ಕರೆ ಹಂಚಿದ್ದಾರೆ ಎಂದಳು. ತಮ್ಮಣ್ಣ ಕಡೆಯ ಮಾತೊಂದು ಕೇಳಿದ. ಕೆಳಗಿನ ಸಣ್ಣ ಸಾಲು, ತನ್ನ ಹೆಸರಿನದು, ಅದಕ್ಕೂ ಕೂಟಕ್ಕೂ ಸಂಬಂಧವಿಲ್ಲ, ಅದನ್ನು ತೆಗೆದುಬಿಡುತ್ತೇನೆ. ಅಕ್ಕವ್ವ ಕಾರ್ಡನ್ನು ಅವನ ಕಣ್ಣ ಮುಂದೆ ಹಿಡಿದಳು. ವಿಭೂತಿಯ ಮೂರನೆಯ ಗೀಟು ಸರಿಯಾಗಿ ‘ಥಮ್ಮಣ್ಣ’ನ ಮೇಲೆಯೇ ಹಾದು ಹೋಗಿತ್ತು.

“ಕೊನೀ ಬಸ್ಸಿಗೆ ಕಟ್ಟು ಒಯ್ಯಬೇಕು. ನಾ ಇಲ್ಲೇ ಕುಂತಿರ್ತೀನಿ” ಎಂದು ಅವಳು ಸೆರಗು ಸರಿಪಡಿಸಿಕೊಂಡಳು. ಕಾಕಾಸಾಹೇಬ ಅರಿಷಿಣ ಕುಂಕುಮ ಹಚ್ಚಿದ ಕಟ್ಟುಗಳನ್ನು ಒಂದೊಂದಾಗಿ ಟೇಬಲ್ಲಿನಿಂದ ಇಳಿಸಿ ಗೋಡೆಗೆ ಒಟ್ಟಿದ. ಮಲ್ಲಾರಿ ಪ್ರಿಂಟರಿನ ಹಿಂದಿನಿಂದ ಹೊರಗೆ ಬಂದು, ತಾನು ಮುಂಜಾನೆಯೇ ಚಲೋ ಆಗೇತಿ ಅಂದಿದ್ದೆ ಎಂದು ಎಲ್ಲರಿಗೂ ನೆನಪು ಮಾಡಿಕೊಟ್ಟ.

ತಮ್ಮಣ್ಣ ಲ್ಯಾಪ್‌ಟಾಪಿನ ಮುಂದೆ ಕೂತು ಹೊಸ ಪುಟ ತೆಗೆದ. ಮೊದಲ ಅಕ್ಷರ ಛೀ. ಕಿರುಬೆರಳು ಶಿಫ್ಟ್ ಒತ್ತಿತು. ಮುಂದಿನ ಬೆರಳು ಏಳಲೊಲ್ಲದು. ಬೇಕೆಂದೇ ತಪ್ಪು ಹೊಡೆದು ಅದಕ್ಕೆ ರೂಢಿ ಇರಲಿಲ್ಲ. ಕಿರುಬೆರಳು ಎತ್ತಿದ, ಮತ್ತೆ ಒತ್ತಿದ; ಎತ್ತಿದ, ಒತ್ತಿದ. ಹೀಗೆ ಹಿಂದುಮುಂದು ನೋಡುತ್ತ ಐದನೆಯ ಸಲ ಒತ್ತಿದ್ದೇ ಲ್ಯಾಪ್‌ಟಾಪು ಕುಂಯ್ ಎಂದು ಒಂದು ಸದ್ದು ಮಾಡಿ, ನೀಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಕೇಳುವ ಒಂದು ಬಿಳಿ ಚೌಕ ತಂದು ನಿಲ್ಲಿಸಿತು.

“ಏನಂತೈತಿ ಅದು?” ಎಂದಳು ಅಕ್ಕವ್ವ.

ತಮ್ಮಣ್ಣ ಕನ್ನಡಕ ಹಣೆಗೇರಿಸಿ ನಿಧಾನವಾಗಿ ಓದಿದ. “ಶಿಫ್ಟ್ ಹಿಡಕೊಂಡು ಕುಂಡ್ರಾಕ ನಿನಗ ತ್ರಾಸ ಆಗತೈತೇನು, ನಾ ಹಿಡೀಲೇನು ಅಂತ ಕೇಳಾಕತ್ತೈತ್ರಿ.”

“ಪಾಪ, ಹೂಂ ಅನ್ನು” ಎಂದಳು ಅಕ್ಕವ್ವ.

ಹೂಂ ಎಂಬ ಕಡೆ ಒತ್ತಿದ. ಶಿಫ್ಟ್ ಒತ್ತಿ ಬಿಟ್ಟು, ಕೇದಾರ ಎಂದು ಹೊಡೆದ. ‘ಖೇದಾರ’ ಎಂದು ಬಂತು. ಮೊದಲನೆಯದು ಬೇಕಾದ ಹಾಗೆ ಉಬ್ಬಿತ್ತು, ಎರಡನೆಯದು ಮತ್ತೆ ಮೊದಲಿನಂತೆ ಸಣ್ಣಗಾಗಿತ್ತು. ಅಳಿಸಿ ಮತ್ತೆ ಹೊಡೆದ. ಮತ್ತೆ ಅದೇ. ಮಷಿನ್ನು ಒಂದು ಅಕ್ಷರಕ್ಕೆ ಹಿಡಿಯುತ್ತಿತ್ತು, ಇನ್ನೊಂದಕ್ಕೆ ಬಿಡುತ್ತಿತ್ತು. ಅಕ್ಕವ್ವ ಕುರ್ಚಿ ಹತ್ತಿರ ಎಳೆದುಕೊಂಡು, ವಿಭೂತಿಯ ಕಾರ್ಡಿನ ಮೇಲೆ ಬೆರಳಿಟ್ಟು, ಪ್ರತಿ ಅಕ್ಷರವನ್ನೂ ಪರದೆಯೊಡನೆ ತಾಳೆ ನೋಡತೊಡಗಿದಳು.

ತಮ್ಮಣ್ಣ ಮೊಬೈಲು ತೆಗೆದು ಕೊಲ್ಲಾಪುರಕ್ಕೆ ಹಚ್ಚಿದ. ಅತ್ತ ಅವಿನಾಶನ ದನಿಯೂ ಸೋತಿತ್ತು. “ಈಗೇನಾತು ಮಾಮಾ?” ಎಂದ.

“ಅಕ್ಷರ ಸರಿ ಬರಾಕತ್ತಾವಪಾ” ಎಂದ ತಮ್ಮಣ್ಣ. “ಏನರ ಮಾಡು.”